ಅತ್ತೆಯನ್ನು ಹಣಕೋಣಕ್ಕೆ ತಂದದ್ದು

ನನ್ನ ಅತ್ತೆಗೆ ಒಂದು ಕಾಲಕ್ಕೆ ತೋಡೂರಿನ ಹತ್ತಿರ ಸ್ವಂತ ಮನೆ ಇತ್ತು. ನೌಕಾನೆಲೆಗೆ ಜಾಗ ಹೋದಾಗ ಮನೆಯೂ ಹೋಯಿತು. ಬಂದ ಪರಿಹಾರ ಅಣ್ಣತಮ್ಮಂದಿರ ಪಾಲಿನಲ್ಲಿ ಕರಗಿಹೋಯಿತು. ನಾನು ಸೊಸೆಯಾಗಿ ಬಂದದ್ದು ಕಾರವಾರದ ಒಂದು ಬಾಡಿಗೆ ಕೋಣೆಗೆ. ಆಮೇಲೆ ಕೆಲವು ವರ್ಷ ಅಂಕೋಲೆಯಲ್ಲಿದ್ದು ಮತ್ತೆ ಕಾರವಾರಕ್ಕೇ ಬಂದೆವು. ನನ್ನ ಗಂಡ ಬೋಟಿನ ಇಂಜಿನ್ ರಿಪೇರಿಗೆ ಹೋಗುತ್ತಿದ್ದರು, ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಹೊಲಿಗೆ ಯಂತ್ರದ ಸದ್ದು ಹೆಚ್ಚಾಯಿತೆಂದು ಒಬ್ಬ ಮಾಲಕರು ನಮ್ಮನ್ನು ಮನೆ ಬಿಡಿಸಿದರು. ಮಗಳು ಹುಟ್ಟಿದ ಮೇಲೆ ಬಾವಿಯ ನೀರು ಸಾಲುವುದಿಲ್ಲವೆಂದು ಇನ್ನೊಬ್ಬರು. ಹೀಗೆ ಮನೆ ಬಿಟ್ಟೂ ಬಿಟ್ಟೂ ಅತ್ತೆ ಸದ್ದಿಲ್ಲದೆ ಬದುಕುವುದನ್ನು ಕಲಿತಿದ್ದರು. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಹಣಕೋಣದಲ್ಲಿ ಬಡವರಿಗೆ ಮನೆ ಕಟ್ಟುವ ಒಂದು ಸಣ್ಣ ಗುಂಪಿದೆ ಎಂದು ನನಗೆ ತಿಳಿದದ್ದು ರವಿಕೆ ಹೊಲಿಸಲು ಬಂದವರಿಂದ. ನಿವೃತ್ತ ಶಿಕ್ಷಕಿಯೊಬ್ಬರು ಅದನ್ನು ನಡೆಸುತ್ತಿದ್ದರು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅಲ್ಲಿ ಪುಕ್ಕಟೆ ಏನೂ ಇರಲಿಲ್ಲ. ಬಾಡಿಗೆಯಷ್ಟೇ ಕಂತು ಕಟ್ಟಬೇಕು, ನಮ್ಮ ಸರದಿ ಬರುವವರೆಗೆ ಬೇರೆಯವರ ಮನೆಗೆ ಮೈ ಬಗ್ಗಿಸಿ ದುಡಿಯಬೇಕು. ಕಾಲೇಜಿನ ಹುಡುಗ ಹುಡುಗಿಯರು, ಒಬ್ಬ ಬ್ಯಾಂಕಿನ ಗುಮಾಸ್ತರು, ಕೆಲವು ಗಾರೆ ಕೆಲಸದವರು ರವಿವಾರ ಸಂಬಳವಿಲ್ಲದೆ ಬರುತ್ತಿದ್ದರು. ನಾನೂ ಗಂಡನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಕಂಡವರ ಗೋಡೆಗೆ ಚಿರೆಕಲ್ಲು ಹೊತ್ತೆವು. ನಮ್ಮ ಮನೆಯ ಗೋಡೆ ಕಿಟಕಿಯ ಮೇಲಕ್ಕೆ ಬರುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಎರಡೂ ಕಿಡ್ನಿ ಹೋಗಿವೆ, ಇಲ್ಲಿಟ್ಟುಕೊಂಡು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು ಆಸ್ಪತ್ರೆಯಲ್ಲಿ.

ಕರೆತಂದ ಮರುದಿನವೇ ಬಾಡಿಗೆ ಕೋಣೆಯ ಮಾಲಕರು ಬಂದರು. ಕೆಟ್ಟ ಮನುಷ್ಯರಲ್ಲ. ಅತ್ತೆಗೆಂದು ಎಳನೀರು ತಂದಿದ್ದರು. ಬಾಗಿಲ ಹೊರಗೇ ನಿಂತು ಗಂಡನನ್ನು ಕರೆದರು.

"ತಪ್ಪು ತಿಳ್ಕಬೇಡಿ. ಇಲ್ಲಿ ಜೀವ ಹೋದ್ರೆ, ನಕ್ಷತ್ರ ಸರಿ ಇಲ್ಲ ಅಂದ್ರೆ, ಆರು ತಿಂಗಳು ಬಾಗ್ಲು ಮುಚ್ಬೇಕಾಗ್ತದೆ. ಆಮೇಲೆ ಯಾರೂ ಈ ಕೋಣೆಗೆ ಬರೂದಿಲ್ಲ."

"ಈ ಸ್ಥಿತೀಲಿ ಎಲ್ಲಿಗೆ ಕರ್ಕಂಡು ಹೋಗ್ಲಿ?" ಎಂದರು ಗಂಡ.

"ಅದು ನಂಗೆ ಗೊತ್ತಿಲ್ಲ. ಈ ವಾರದೊಳಗೆ ಆಗ್ಬೇಕು."

ಒಳಗೂ ಹೊರಗೂ ನಡುವೆ ಇದ್ದದ್ದು ಒಂದೇ ಗೋಡೆ. ಅತ್ತೆಗೆ ಎಲ್ಲವೂ ಕೇಳಿಸಿತ್ತು. ಅವರು ಕಣ್ಣು ಮುಚ್ಚಿಕೊಂಡಿದ್ದರು, ಆದರೆ ಕಾಲು ಮಡಚಿಕೊಂಡು ಇನ್ನಷ್ಟು ಮುದುಡಿದ್ದರು.

ನಾನು ಹಣಕೋಣಕ್ಕೆ ಹೋಗಿ ಅಕ್ಕೋರಿಗೆ ಹೇಳಿದೆ. ನಮ್ಮ ಸರದಿಯ ಮಾಡಿನ ತಗಡು ಬರಲು ಇನ್ನೂ ತಡವಿತ್ತು. ಬಂದು ಬಿದ್ದಿದ್ದ ತಗಡು ಮೀನು ಮಾರುವ ಒಬ್ಬ ಹೆಂಗಸಿನ ಮನೆಯದು. ಅವಳು ಅಲ್ಲೇ ಮರಳು ಜರಡಿ ಹಿಡಿಯುತ್ತಿದ್ದಳು, ಬಸುರಿ ಬೇರೆ. ಅಕ್ಕೋರು ಅವಳನ್ನು ಕೇಳಲು ಹಿಂಜರಿದರು. ಅವಳೇ ಜರಡಿ ಕೆಳಗಿಟ್ಟು ಹೇಳಿದಳು.

"ಇವ್ರಿಗೇ ಹಾಕಿ ಅಕ್ಕೋರೆ. ನಮ್ದು ಮಳೆ ಕಳೆದ ಮೇಲಾದ್ರೂ ನಡೀತದೆ. ಆ ಅಜ್ಜಿ ಮಳೆವರೆಗೆ ಇರೂದಿಲ್ಲ."

ಬ್ಯಾಂಕಿನವರು ರಜೆ ಹಾಕಿ ಬಂದರು. ಹುಡುಗರು ಕಾಲೇಜಿಗೆ ಹೋಗಲಿಲ್ಲ. ಗೋಡೆ ಇನ್ನೂ ಹಸಿಯಾಗಿದೆ, ಭಾರ ತಡೆಯುವುದಿಲ್ಲ ಎಂದು ಮೇಸ್ತ್ರಿ ಒಂದೇ ಕೋಣೆಯೊಳಗೆ ಕಂಬ ನಿಲ್ಲಿಸಿ ಅದರ ಮೇಲೆ ತಗಡು ಹಾಕಿಸಿದರು. ಬಾಗಿಲಿರಲಿಲ್ಲ, ನಾನು ಹಳೆಯ ಚಾದರ ಕಟ್ಟಿದೆ. ಅತ್ತೆಯನ್ನು ಹಾಸಿಗೆ ಸಮೇತ ಗೂಡ್ಸ್ ರಿಕ್ಷಾದಲ್ಲಿ ಮಲಗಿಸಿ ಕಾಳಿ ಸೇತುವೆ ದಾಟಿಸಿದೆವು. ಮಾಲಕರು ಹೊರಗೆ ಬರಲಿಲ್ಲ.

ಆ ಕೋಣೆಯಲ್ಲಿ ಅತ್ತೆ ಕೆಲವು ದಿನ ಬದುಕಿದ್ದರು. ಸಿಮೆಂಟಿನ ವಾಸನೆ, ಮಧ್ಯಾಹ್ನ ಕಾದ ತಗಡಿನ ಧಗೆ. ನೋವು ಬಂದಾಗ ಅಲ್ಲಿಯೂ ಅವರು ಸೆರಗು ಕಚ್ಚಿಕೊಂಡರು.

"ಕೂಗು ಆಯಿ," ಎಂದರು ಗಂಡ. "ಇದು ನಮ್ಮನೆ. ಬೈಯೋರು ಯಾರೂ ಇಲ್ಲ."

"ಮೆಲ್ಲಗೆ ಮಾತಾಡು," ಎಂದರು ಅತ್ತೆ. "ಮಾಲಕ್ರು ಮಲಗಿರ್ತಾರೆ."

ನಾವು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಒಂದು ಬೆಳಿಗ್ಗೆ ನಾನು ಗಂಜಿ ತಂದಾಗ ಉಸಿರು ನಿಂತಿತ್ತು. ಸೆರಗಿನ ತುದಿ ಹಲ್ಲಿನ ನಡುವೆಯೇ ಇತ್ತು. ಅದನ್ನು ಬಿಡಿಸಿ ತೆಗೆದವಳು ನಾನು.

ನಕ್ಷತ್ರವೂ ಒಳ್ಳೆಯದಿರಲಿಲ್ಲ. ಗೃಹಪ್ರವೇಶಕ್ಕೆ ಮೊದಲೇ ಹೆಣ ಬಿದ್ದ ಮನೆ, ಮುಚ್ಚಿಬಿಡಿ ಎಂದರು ನೆಂಟರು. ಗಂಡ ಅವರಿಗೆ ಚಾದರ ಕಟ್ಟಿದ ಬಾಗಿಲು ತೋರಿಸಿ, "ಮುಚ್ಚೂದು ಏನನ್ನ?" ಎಂದಷ್ಟೇ ಹೇಳಿದರು. ಹದಿಮೂರನೆಯ ದಿನ ಕಳೆದ ಮೇಲೆ ಕೆಲಸ ಮತ್ತೆ ಶುರುವಾಯಿತು. ಗಾರೆಯವರಲ್ಲಿ ಇಬ್ಬರು ಮತ್ತೆ ಬರಲಿಲ್ಲ. ಮೀನು ಮಾರುವವಳು ಆ ಮಳೆಗಾಲವನ್ನು ತಾಡಪತ್ರಿಯ ಕೆಳಗೆ ಕಳೆದಳು, ಅಲ್ಲೇ ಹೆತ್ತಳು. ಮಗು ಉಳಿಯಿತು. ಅದಕ್ಕೆ ಉಬ್ಬಸ ಅಂಟಿಕೊಂಡಿದೆ. ಅವಳು ಆ ಉಬ್ಬಸಕ್ಕೂ ನಮಗೆ ಬಿಟ್ಟುಕೊಟ್ಟ ತಗಡಿಗೂ ಎಂದೂ ಗಂಟು ಹಾಕಿಲ್ಲ. ಮಗು ಕೆಮ್ಮಿದಾಗ ನನಗೇ ತಲೆ ಎತ್ತಲಾಗುವುದಿಲ್ಲ.

ಮನೆಯಿಂದ ನಮಗೆ ಒಳ್ಳೆಯದೇ ಆಯಿತು. ಮಗಳು ಒಂದೇ ಶಾಲೆಯಲ್ಲಿ ಓದುತ್ತಿದ್ದಾಳೆ, ದೊಡ್ಡ ದನಿಯಲ್ಲಿ ಹಾಡು ಹೇಳುತ್ತಾಳೆ. ನನ್ನ ಯಂತ್ರ ಬೇಕಾದ ಹೊತ್ತಿಗೆ ಓಡುತ್ತದೆ. ಗಂಡ ಮಾತ್ರ ಆ ಕೋಣೆಯಲ್ಲಿ ಮಲಗುವುದಿಲ್ಲ.

ಕಳೆದ ವರ್ಷ ಕಾರವಾರದ ನಮ್ಮ ಹಳೆಯ ಸಾಲುಮನೆಯಿಂದ ಒಬ್ಬಳು ಬಂದಳು. ಅವಳ ತಂದೆ ಕೊನೆಯ ಘಳಿಗೆಯಲ್ಲಿದ್ದರು. ಅದೇ ಮಾಲಕರು, ಅದೇ ಮಾತು. ಅವಳು ಒಳಗೆ ಬಂದು ಕೂರಲೂ ಇಲ್ಲ.

"ಅಕ್ಕಾ, ನಿಮ್ಮನೇಲಿ ಒಬ್ರು ಹೋಗಿದಾರಲ್ಲ," ಎಂದಳು. "ಅದಕ್ಕೇ ಕೇಳ್ಲಿಕ್ಕೆ ಬಂದೆ."

ನಾನು ಗಂಡನ ಮುಖ ನೋಡಿದೆ. ಅವರು ಎದ್ದು ಆ ಕೋಣೆಯಲ್ಲಿದ್ದ ಬಟ್ಟೆಯ ಗಂಟುಗಳನ್ನು ಹೊರಗೆ ತಂದಿಟ್ಟರು. ಮುದುಕರು ಮೂರು ದಿನ ಇದ್ದರು. ಊರಲ್ಲಿ ನಮ್ಮ ಮನೆಗೆ ಈಗ ಸಾಯುವವರ ಮನೆ ಎಂದು ಹೆಸರು ಬಿದ್ದಿದೆ, ಕೆಲವರು ರವಿಕೆ ಹೊಲಿಸಲು ಬರುವುದನ್ನೂ ಬಿಟ್ಟಿದ್ದಾರೆ. ಕ್ರಿಯೆ ಮುಗಿದ ನಂತರದ ರವಿವಾರ ಆ ಮುದುಕರ ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಅಕ್ಕೋರ ಗುಂಪಿನ ಜೊತೆ ಕಲ್ಲು ಹೊರಲು ಬಂದಳು. ಅವಳ ಸರದಿ ಇನ್ನೂ ಬಂದಿಲ್ಲ.