ಬೆನ್ನಿಗೆ ಸರಿದ ಕರಡಿಗೆ

ಕೊಳಕೂರಿನ ಕಲ್ಲಿನಾಥ ಬೀಡಿ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಹಾಗೆಂದು ಹೆಂಡತಿ ಗುರುಶಾಂತಮ್ಮ ನಂಬಿದ್ದಳು. ಅವಳ ನಂಬಿಕೆಗೆ ಧಕ್ಕೆಯಾಗದಂತೆ ಅವನು ದಿನಕ್ಕೆ ಇಪ್ಪತ್ತು ಬೀಡಿ ಸೇದುತ್ತಿದ್ದ. ಹಚ್ಚುವ ಮೊದಲು ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಅಂಗಿಯೊಳಗೇ ಬೆನ್ನಿಗೆ ಸರಿಸುವನು. ದೇವರಿಗೆ ಹೊಗೆ ತಾಗಬಾರದೆಂಬ ಭಕ್ತಿ. ತನ್ನ ಎದೆಗೂಡಿನ ಮೇಲೆ ಇಂಥ ಭಕ್ತಿ ಹುಟ್ಟಲಿಲ್ಲವಲ್ಲ ಎಂದು ಅವನಿಗೇ ನಗು ಬರುತ್ತಿತ್ತು. ನಕ್ಕರೆ ಕೆಮ್ಮು.

ಈಚೆಗೆ ತೊಗರಿ ಚೀಲ ಎತ್ತಲು ಹೋಗಿ ಸೊಂಟ ಹಿಡಿದು ಎರಡು ವಾರ ಮಲಗಿದ. ಒಳಗೆ ಸೆಕೆ ಎಂದು ಹೇಳಿ ಮಂಚವನ್ನು ದನದ ಕೊಟ್ಟಿಗೆಗೆ ಹಾಕಿಸಿಕೊಂಡ. ಸೇದಲು ಅದಕ್ಕಿಂತ ಒಳ್ಳೆಯ ಜಾಗ ಊರಲ್ಲೇ ಇರಲಿಲ್ಲ. ಎಡಗಾಲಿನ ಮೀನಖಂಡ ಬಾತು ನೋಯತೊಡಗಿದಾಗ ಬಾಯಿ ಬಿಡಲಿಲ್ಲ. ಹೇಳಿದರೆ ಹೆಂಡತಿ ಒಳಗೆ ಕರೆದು ಮಲಗಿಸುತ್ತಾಳೆ.

ಕಾಲು ಬಾತ ನಾಲ್ಕನೆಯ ದಿನ ಬಾಗಿಲವರೆಗೆ ನಡೆದರೆ ಏದುಸಿರು. ಉಸಿರೆಳೆದಾಗಲೆಲ್ಲ ಎದೆಯಲ್ಲಿ ಚಳಕು. ಗುರುಶಾಂತಮ್ಮ ಪಕ್ಕದ ಮನೆಯ ಖಂಡಪ್ಪನ ಕಾರು ಕರೆಸಿದಳು. ಅವಳು ಸೀರೆ ಬದಲಿಸುವಷ್ಟರಲ್ಲಿ ಕಲ್ಲಿನಾಥ ಕೊಟ್ಟಿಗೆಯಲ್ಲಿ ಒಂದು ಮುಗಿಸಿದ. ಗಾಳಿ ಎಳೆಯಲಾಗದವನಿಗೆ ಹೊಗೆ ಎಳೆಯಲು ಬಂದದ್ದು ಅವನಿಗೂ ಸೋಜಿಗ.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಶಿವಕಾಂತಾ ಕೇಳಿದರು, "ಬೀಡಿ, ಸಿಗರೇಟು ಏನರ ಅದ ಏನ್ರಿ?"

"ಹನ್ನೊಂದು ವರ್ಷ ಆತ್ರಿ ಬಿಟ್ಟು," ಎಂದಳು ಗುರುಶಾಂತಮ್ಮ. ಕಲ್ಲಿನಾಥ ಕೃತಜ್ಞತೆಯಿಂದ ತಲೆಯಾಡಿಸಿದ.

ಇಸಿಜಿಗೆಂದು ನರ್ಸ್ ಗುಲಫಶಾ ಅಂಗಿ ಬಿಚ್ಚಿಸಿದಳು. "ಕಾಕಾ, ಬೆನ್ನಾಗ ಏನೋ ಒತ್ತಾಕತ್ತದ, ಜರಾ ಮುಂದ ತಗೋರಿ."

ಗುರುಶಾಂತಮ್ಮ ಕರಡಿಗೆಯನ್ನು ನೋಡಿದಳು, ಗಂಡನ ಮುಖ ನೋಡಿದಳು. "ನಮ್ಮಪ್ಪನೂ ಹಿಂಗೇ ಹಿಂದ ಸರಸ್ತಿದ್ದ, ಬೀಡಿ ಹಚ್ಚೂ ಮುಂದ," ಎಂದಳು. ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಖವಿತ್ತು.

"ದಿನಕ್ಕ ಎಷ್ಟ್ರಿ?" ಡಾಕ್ಟರು ಕೇಳಿದರು.

"ಎರಡೋ ಮೂರೋ..."

ಗುರುಶಾಂತಮ್ಮ ಬರೇ ನೋಡಿದಳು.

"ಇಪ್ಪತ್ರಿ," ಎಂದ.

"ಮತ್ತೇನು ಮುಚ್ಚಿಟ್ಟೀರಿ?"

ಹೇಗೂ ಮಾನ ಹೋಗಿತ್ತು. "ಎಡಗಾಲು ಬಾತದ್ರಿ. ನಾಕು ದಿನ ಆತು."

ಡಾಕ್ಟರು ಪೆನ್ನು ಕೆಳಗಿಟ್ಟು ಕಾಲನ್ನು ಒತ್ತಿ ನೋಡಿದರು. "ಇದನ್ನ ಮೊದಲ ಹೇಳಬೇಕಿತ್ತು, ಕಾಕಾ. ಹಾಸಿಗಿ ಹಿಡದ್ರ ಕಾಲಾಗಿನ ರಕ್ತ ಹೆಪ್ಪುಗಟ್ಟೂದುಂಟು. ಬೀಡಿ ರಕ್ತನಾಳದ ಒಳಮೈ ಕೆಡಸತದ, ರಕ್ತ ಜಲ್ದಿ ಹೆಪ್ಪುಗಟ್ಟೂವಂಗ ಮಾಡತದ. ಎರಡೂ ಕೂಡಿದ್ರ ಅಪಾಯ ಇನ್ನೂ ಜಾಸ್ತಿ. ಆ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕ ಹೋದ್ರ ಜೀವಕ್ಕ ಬರತದ."

ಸ್ಕ್ಯಾನಿನಲ್ಲಿ ಅದೇ ಕಂಡಿತು, ಹೆಪ್ಪು ಶ್ವಾಸಕೋಶ ಸೇರಿತ್ತು. ಹೆಪ್ಪು ಬೆಳೆಯದಂತೆ ಆಗಲೇ ಇಂಜೆಕ್ಷನ್ ಶುರುವಾಯಿತು. ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಗುಳಿಗೆ ನುಂಗಬೇಕು, ಬೀಡಿ ಮುಟ್ಟಬಾರದು ಎಂದರು. ಇಷ್ಟು ವರ್ಷ ಹೆಂಡತಿಯ ಕಣ್ಣು ತಪ್ಪಿಸಿದ ಜಾಣ, ತನ್ನ ಕಾಲಿನ ಹೆಪ್ಪಿನ ಕೈಗೆ ಸಲೀಸಾಗಿ ಸಿಕ್ಕಿಬಿದ್ದಿದ್ದ.

ನಾಲ್ಕು ದಿನದ ಮೇಲೆ ಖಂಡಪ್ಪ ನೋಡಲು ಬಂದ. "ಏನಾಗಿತ್ತಲೇ?" ಎಂದ.

ಕಲ್ಲಿನಾಥ ಹೆಂಡತಿಯತ್ತ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಕಿವಿ ಮಾತ್ರ ಇತ್ತ ಇತ್ತು.

"ಕದ್ದು ಬೀಡಿ ಸೇದ್ಕೋತ ದನದ ಮನ್ಯಾಗ ಬಿದ್ಕೊಂಡಿದ್ನಿ, ಕಾಲಾಗಿನ ರಕ್ತ ಹೆಪ್ಪುಗಟ್ಟಿ ಎದಿಗೆ ಬಂದಿತ್ತಪ," ಎಂದ.

ಹೇಳಿ ಮುಗಿಸಿದ ಮೇಲೆ ತಿಳಿಯಿತು, ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದ್ದ.