ಮಂಚದ ಕೆಳಗಿನ ಆಯಿ ಮತ್ತು ನನ್ನ ಹೊಟ್ಟೆಕಿಚ್ಚು

ಗ್ಯಾಸ್ ಸಿಲಿಂಡರ್ ತಂದವನು ಅದನ್ನು ಹೊಸ್ತಿಲ ಹತ್ತಿರ ಧಡ್ ಅಂತ ಇಳಿಸಿದ. ಅಷ್ಟೇ. ನಮ್ಮ ಆಯಿ ಮಂಚದ ಕೆಳಗೆ ಸೇರಿಬಿಟ್ಟಳು.

ಆಯಿ ಅಂದರೆ ನನ್ನ ಅಪ್ಪನ ತಾಯಿ. ವಯಸ್ಸು ತೊಂಬತ್ತರ ಹತ್ತಿರ. ಅವ್ವ ಹೋದ ಮೇಲೆ ನನ್ನನ್ನು ಸಾಕಿ ಸಲಹಿ, ಶಹಾಪುರದ ಕಾಲೇಜಿನ ತನಕ ತಂದವಳು ಇವಳೇ.

ಎರಡು ವರ್ಷದಿಂದ ಆಕೆಯ ನೆನಪು ಹಿಂದಕ್ಕೆ ನಡೆಯುತ್ತಿದೆ... ನಡೆದು ನಡೆದು ಬೋನಾಳದ ತವರುಮನೆಗೆ ಹೋಗಿ ನಿಂತಿದೆ.

ನಿಜಾಮರ ರಾಜ್ಯ ಭಾರತಕ್ಕೆ ಸೇರುವ ಹೊತ್ತಿನ ಗದ್ದಲ, ಲೂಟಿ. ಜೋಳ ತುಂಬುವ ಹಗೇವು ಇರುತ್ತಿತ್ತಲ್ಲ, ನೆಲದೊಳಗಿನ ಕುಣಿ, ಅದರಲ್ಲಿ ಮಕ್ಕಳನ್ನು ಇಳಿಸಿ ಮೇಲೆ ಕಲ್ಲು ಮುಚ್ಚುತ್ತಿದ್ದರಂತೆ.

ಈಗ ಆಕೆಗೆ ಮಂಚದ ಕೆಳಗೇ ಹಗೇವು. ಬಾಗಿಲಲ್ಲಿ ನಿಂತ ಗಂಡಸರೆಲ್ಲ ಲೂಟಿಗೆ ಬಂದವರು.

ನಾನೂ ಗಂಡಸು. ಬಾಗಿಲಲ್ಲಿ ನಿಲ್ಲುವವನೂ ನಾನೇ.

"ಆಯಿ, ಗದ್ದಲ ಮುಗದು ಭಾಳ ವರ್ಷ ಆತು. ರಾಜ ಹೋದ, ರಾಜ್ಯ ಹೋತು, ಈಗ ನಾವ ಮತ ಹಾಕಿ ಮಂತ್ರಿ ಮಾಡ್ತೀವಿ" ಅಂತ ಇತಿಹಾಸ ಹೇಳಿದೆ. ಕನ್ನಡ ಮೀಡಿಯಂ ಬಿ.ಎ. ನೋಡಿ, ಪ್ರಾಸ ಬಿಟ್ಟು ಮಾತು ಬರುವುದಿಲ್ಲ.

ಆಯಿ ಇನ್ನೂ ಒಳಗೆ ಸರಿದಳು.

"ನಿಮ್ಮ ಪ್ರಾಸ ಸಾಕ್ರಿ, ಆಕಿಗಿ ಪ್ರಾಣದ ಅಂಜಿಕಿ ಅದ" ಅಂದಳು ಹೆಂಡತಿ. ಸಂಗದೋಷ. ಅವಳಿಗೂ ಪ್ರಾಸ ಹತ್ತಿದೆ.

ಇದು ಮೊದಲ ಸಲವಲ್ಲ. ಇಲ್ಲಿಂದ ಹೊಟ್ಟೆಕಿಚ್ಚಿನ ವಿಷಯ...

ನಮ್ಮ ಓಣಿಯಲ್ಲಿ ಎಸ್ತೇರಮ್ಮ ಅಂತ ಇದ್ದಾಳೆ. ಅಂಗನವಾಡಿ ಸಹಾಯಕಿ. ಭಾನುವಾರ ಚರ್ಚು, ಉಳಿದ ದಿನ ಚಾಕರಿ. ದಿನಾ ಸಂಜೆ ನಾಲ್ಕಕ್ಕೆ ಬಂದು, ಸೆರಗು ಸಿಕ್ಕಿಸಿ, ಸೀದಾ ಮಂಚದ ಕೆಳಗೆ ನುಗ್ಗುತ್ತಾಳೆ. ಹತ್ತೇ ನಿಮಿಷ. ಆಯಿ ಅಂಬಲಿ ಕುಡಿಯುವ ಸಪ್ಪಳ ಕೇಳುತ್ತದೆ.

ನಾನು ಬೇಡಿಕೊಂಡರೂ ತೆರೆಯದ ಬಾಯಿ ಅವಳಿಗೆ ತೆರೆಯುತ್ತದೆ. ನನ್ನನ್ನು ಕಂಡರೆ ನಡುಗುವ ಕೈ ಅವಳ ತೊಡೆಯ ಮೇಲೆ ಆರಾಮಾಗಿ ಮಲಗುತ್ತದೆ.

ಆ ಕೈ ನನ್ನದು. ನಲವತ್ತು ವರ್ಷದ ಹಿಂದೆಯೇ ನನ್ನ ಹೆಸರಿಗೆ ಪಹಣಿ ಆದದ್ದು!

ಹೊಟ್ಟೆಕಿಚ್ಚಿಗೆ ನಾನು ಬೇರೆ ಹೆಸರಿಟ್ಟಿದ್ದೆ. "ಆಕಿ ಆಯಿನ್ನ ತಮ್ಮ ಮತಕ್ಕ ಸೇರಿಸ್ಕೊಂಡ್ರ ಏನ್ ಮಾಡೋದು?" ಅಂತ ಹೆಂಡತಿಯ ಮುಂದೆ ಧರ್ಮದ ಚಿಂತೆ ಮಾಡಿದೆ. ಒಂದು ದಿನ ಕಿಟಕಿಗೆ ಕಿವಿಯನ್ನೂ ಕೊಟ್ಟೆ.

ಒಳಗೆ ಪಾಠವೂ ಇಲ್ಲ, ಪ್ರಾರ್ಥನೆಯೂ ಇಲ್ಲ.

"ಅವರು ಇನ್ನಾ ಹೊರಗ ಅದಾರೇನು?" ಅಂತ ಆಯಿ.

"ನನಗೂ ಗೊತ್ತಿಲ್ಲ ಬೇ. ಇಬ್ರೂ ಕೂಡಿ ಕುಂದ್ರೂನು ತಗೋ" ಅಂತ ಎಸ್ತೇರಮ್ಮ.

ಅವಳು ಹೊರಗೆ ಬಂದಾಗ ಕೇಳಿಯೇಬಿಟ್ಟೆ. "ಏನ್ ಮಂತ್ರ ಹಾಕ್ತೀ ಎಸ್ತೇರಕ್ಕ?"

"ಮಂತ್ರ ಎಲ್ಲಿದ್ರಿ ಸರ. ನಮ್ಮ ಯೇಸಪ್ಪ ಮ್ಯಾಲ ಕುಂತು ಅಂಜಬ್ಯಾಡ್ರಿ ಅಂತ ಒದರಿದ್ರ ಯಾರು ಕೇಳ್ತಿದ್ರು? ಅಂವಾ ನಮ್ಮ ಜೋಡಿ ಇರಾಕ ಕೆಳಗ ಇಳದು ಬಂದ. ನಾ ಮಂಚದ ಕೆಳಗ ಹೋಗ್ತೀನಿ, ಅಷ್ಟ."

ಆಮೇಲೆ ನನ್ನ ಮುಖ ನೋಡಿ ನಕ್ಕಳು. "ಹೊಟ್ಟಿ ಉರಿಯಾಕತ್ತದೇನ್ರಿ ಸರ?"

ಇಲ್ಲ ಅಂದೆ. ಉರಿಯುತ್ತಿತ್ತು.

ಸಿಲಿಂಡರಿನ ಈ ದಿನ ನೋಡಿದರೆ ಎಸ್ತೇರಮ್ಮ ಊರಲ್ಲಿಲ್ಲ. ಬಾಣಂತಿ ಮಗಳನ್ನು ನೋಡಿ ಬರಲು ಹಿಂದಿನ ದಿನ ಯಾದಗಿರಿಗೆ ಹೋಗಿದ್ದಳು. ಆಯಿ ಬೆಳಗಿನಿಂದ ಹನಿ ನೀರು ಕುಡಿದಿಲ್ಲ. ಸಂಜೆಯೊಳಗೆ ಕುಡಿಯದಿದ್ದರೆ ದವಾಖಾನೆಗೆ ಕರೆತನ್ನಿ ಅಂದರು ಡಾಕ್ಟರು, ಫೋನಿನಲ್ಲಿ.

ಹಿಂದೊಮ್ಮೆ ಒಯ್ದಿದ್ದೆವು. ಸಲೈನಿನ ಸೂಜಿ ಕಿತ್ತುಕೊಳ್ಳುತ್ತಾಳೆ ಅಂತ ಕೈ ಕಟ್ಟಬೇಕಾಯಿತು. ಕಟ್ಟುವಾಗ ಆ ಕೈ ಒತ್ತಿ ಹಿಡಿದವನು ನಾನು. ಆಯಿ ನನ್ನನ್ನೇ ನೋಡುತ್ತಿದ್ದಳು... ನನ್ನನ್ನು ಕಂಡರೆ ಅಂಜುವುದು ಶುರುವಾದದ್ದು ಅವತ್ತಿನಿಂದ.

ಲುಂಗಿ ಎತ್ತಿ ಕಟ್ಟಿದೆ. ನೀರಿನ ತಂಬಿಗೆ ಹಿಡಿದು ಬಗ್ಗಿದೆ. ತಲೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಕೊನೆಗೆ ಮಗ್ಗುಲಾಗಿ ಹೊರಳಿ ಹೇಗೋ ಒಳಗಾದೆ.

ಆಯಿ ಗೋಡೆಗೆ ಅಂಟಿ ನಡುಗುತ್ತಿದ್ದಾಳೆ. ನನಗೆ ಇತಿಹಾಸ ಹೊಳೆಯಲಿಲ್ಲ, ಪ್ರಾಸವೂ ಹೊಳೆಯಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಅಂಜಿಕೆ. ಆ ಕೈಯನ್ನು ಇನ್ನೊಮ್ಮೆ ಒತ್ತಿ ಹಿಡಿಯಲು ನನ್ನಿಂದ ಆಗುವುದಿಲ್ಲ... ನಾಚಿಕೆ ಬಿಟ್ಟು ಹೇಳುತ್ತೇನೆ, ಬಿಕ್ಕಿಬಿಟ್ಟೆ.

ಎಷ್ಟು ಹೊತ್ತಾಯಿತೋ, ಒಂದು ಕೈ ಬಂದು ನನ್ನ ಬಾಯಿ ಮುಚ್ಚಿತು. ತಲೆಯ ಮೇಲೆ ಸೆರಗು ಬಿತ್ತು.

"ಅಳಬ್ಯಾಡ. ಹೊರಗ ಸಪ್ಪಳ ಕೇಳ್ತದ. ನಾ ಅದೀನಲ್ಲ."

ಆ ಕೈ ನಡುಗುತ್ತಿರಲಿಲ್ಲ.

ತಂಬಿಗೆ ಮುಂದೆ ಹಿಡಿದೆ. "ಮೊದಲ ನೀ ಕುಡಿ" ಅಂದಳು. ಕುಡಿದೆ. ಆಮೇಲೆ ಅವಳೂ ಕುಡಿದಳು. ಅರ್ಧ ತಂಬಿಗೆ.

ಸಂಜೆ ಎಸ್ತೇರಮ್ಮ ಬಸ್ಸು ಇಳಿದವಳೇ ನಮ್ಮ ಮನೆಗೆ ಬಂದು ಮಂಚದ ಕೆಳಗೆ ಬಗ್ಗಿ ನೋಡಿದಳು. "ಅಯ್ಯ, ನನಗ ಜಾಗನ ಇಲ್ಲಲ್ಲ!"

ಆಯಿಯ ಮುಖ ಅರಳಿತು. ಕೈ ಮಾಡಿ ಕರೆದಳು. "ಬಾ ಬೇ, ಛಲೋ ಆತು ನೀ ಬಂದಿ. ಈ ಹುಡುಗ ಭಾಳ ಅಂಜ್ಯಾನ."

ನೀರು ಕುಡಿಸಿದ್ದು ನಾನು, ಆಯಿಯ ಮುಖ ಅರಳಿದ್ದು ಅವಳನ್ನು ಕಂಡು. ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ, ಸುಳ್ಳು ಯಾಕೆ ಹೇಳಲಿ.

ನಿಮ್ಮ ಮನೆಯಲ್ಲಿ ಯಾರಾದರೂ ಅಂಜಿ ಮೂಲೆ ಸೇರಿದರೆ ನೀವು ನಿಂತು ಧೈರ್ಯ ಹೇಳುತ್ತೀರೋ, ಹೋಗಿ ಪಕ್ಕದಲ್ಲಿ ಕೂರುತ್ತೀರೋ?