ನಾನು ರೋಗಿಯಾಗಿ ಮಲಗಿದ ಬೇಸಿಗೆ

ಆ ಬೇಸಿಗೆಯಲ್ಲಿ ನನ್ನ ತಂಗಿಗೆ ನಾನೇ ರೋಗಿ. ಹಳೇಬೀಡಿನ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ನನ್ನನ್ನು ಮಲಗಿಸಿ, ಅವಳು ಪಕ್ಕದಲ್ಲಿ ಮಂಡಿಯೂರಿ ಕೂರುತ್ತಿದ್ದಳು. ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಬರೆಯುವ ಪರೀಕ್ಷೆ ಪಾಸಾಗಿತ್ತು. ರೋಗಿಯನ್ನು ಮುಟ್ಟಿ ನೋಡಿ ಹೇಳುವ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಇನ್ನೊಂದು ಸಲ ಕೂರಲು ಅಪ್ಪ ಬಿಟ್ಟಿದ್ದರು. ಅದರಲ್ಲೂ ಹೋದರೆ ಓದು ಸಾಕು, ಮದುವೆ ಮಾಡಿಬಿಡುತ್ತೇನೆ ಎಂದು ಅಪ್ಪ ಹೇಳಿಯಾಗಿತ್ತು. ಅಪ್ಪ ಸ್ಕೂಲ್ ಮೇಷ್ಟರು. ಹೇಳಿದ ಮೇಲೆ ಮುಗಿಯಿತು.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಮ್ಮ ತಂಗಿಯರನ್ನು ಎತ್ತಿಕೊಳ್ಳಲು ಅಮ್ಮನಿಗೆ ಒಂದು ಸೊಂಟ ಬೇಕಿತ್ತು. ಆಮೇಲೆ ಗೆಂಡೆಹಳ್ಳಿಗೆ ಮದುವೆ ಮಾಡಿಕೊಟ್ಟರು. ಆ ವರ್ಷ ತವರಿಗೆ ಬಂದಾಗ ನೋಡಿದರೆ, ಮನೆಯೆಲ್ಲ ತಂಗಿಯದೇ. ಅಡುಗೆಗೆ ತಂದ ಬದನೆಕಾಯಿಗೆ ಇಂಜೆಕ್ಷನ್ ಚುಚ್ಚುತ್ತಿದ್ದಳು. ಬಾಳೆಪಟ್ಟೆ ಸೀಳಿ ದಾರ ಹಾಕಿ ಹೊಲಿಯುತ್ತಿದ್ದಳು. ಅಮ್ಮ ಬೈಯುವ ಬದಲು ಆ ಬದನೆಕಾಯಿಯನ್ನೇ ಅಕ್ಕಪಕ್ಕದವರಿಗೆ ತೋರಿಸುತ್ತಿದ್ದಳು. ನಾನು ಒಂದು ಮಡಕೆ ಒಡೆದರೆ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ ಅಮ್ಮ ಇವಳೇ.

ಮಲಗಿದ ಮೇಲೆ ಮಾತ್ರ ನನಗೆ ಹಿತವಾಗುತ್ತಿತ್ತು, ಅದನ್ನೂ ಹೇಳಬೇಕು. "ಎಲ್ಲಿ ನೋವಮ್ಮ? ಎಷ್ಟು ದಿನದಿಂದ? ಊಟ ಸೇರುತ್ತಾ?" ಎಂದು ಅವಳು ಕೇಳುವಳು. ಗಂಡನ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅವಳು ಹೇಳಿಕೊಟ್ಟ ಕಾಯಿಲೆಗೆ ನಾನು ಇನ್ನೆರಡು ಸೇರಿಸುತ್ತಿದ್ದೆ.

"ಅಕ್ಕ, ಇಷ್ಟೆಲ್ಲ ಇದ್ರೆ ನೀನು ಬದುಕಿರೋದೇ ಇಲ್ಲ ಕಣೇ!" ಎಂದು ನಗುತ್ತಿದ್ದಳು.

ಕೈ ತಣ್ಣಗಿದ್ದರೆ ಹೇಳು, ಜೋರಾಗಿ ಒತ್ತಿದರೆ ಹೇಳು, ಸುಮ್ಮನೆ ಹೊಗಳಬೇಡ ಎಂದು ಅವಳದು ಒಂದೇ ಮಾತು. ನಾನು ಹೇಳುತ್ತಲೂ ಇದ್ದೆ. ದಿನ ಕಳೆದಂತೆ ಅವಳ ಕೈ ಹಗುರವಾಯಿತು.

ಅವಳು ಮೈಸೂರಿಗೆ ಹೊರಡುವ ಮೊದಲು ಬಳೆಗಾರ ಬಂದ. ಮದುವೆಯಾದ ಮಗಳು ತವರಲ್ಲಿದ್ದರೆ ಅವಳೇ ಮೊದಲು ಕೈ ಕೊಡುವುದು ನಮ್ಮ ಕಡೆಯ ರೂಢಿ. ನಾನು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಕೂತೆ.

"ನೀನು ತಡಿಯೇ. ಪರೀಕ್ಷೆಗೆ ಹೋಗೋಳು, ಮೊದ್ಲು ಅವಳಿಗೆ ಹಾಕ್ಲಿ," ಎಂದಳು ಅಮ್ಮ.

ನಾನು ಪಕ್ಕಕ್ಕೆ ಸರಿದೆ. ಬಳೆಗಾರ ತಂಗಿಯ ಅಂಗೈಯನ್ನು ಮಡಿಸಿ ಹಿಸುಕಿ, ಚಿಕ್ಕ ಅಳತೆಯ ಹಸಿರು ಗಾಜಿನ ಬಳೆಗಳನ್ನು ಕೈತುಂಬ ಏರಿಸಿದ. "ಬಿಗಿಯಾಗೈತೆ ಕಣವ್ವಾ, ಒಡೀದೇ ಬರಾಕಿಲ್ಲ," ಎಂದು ಹೆಮ್ಮೆಪಟ್ಟ.

ತಂಗಿಗೆ ಅದೇ ಅಳುಕು. "ಅಮ್ಮ, ರೋಗಿಗೆ ಒತ್ತುತ್ತೆ. ಇದು ಬೇಡ."

"ಬರಿಗೈಲಿ ಹೋಗ್ತೀಯಾ? ಹಾಕಿದ್ದನ್ನ ಒಡೆಯೋದು ಅಪಶಕುನ. ಸುಮ್ನಿರು."

ಅವಳು ನನ್ನ ಕಡೆ ತಿರುಗಿದಳು. "ಅಕ್ಕ, ನೀನೇ ಮಲಗಿ ಹೇಳು. ನೀನು ಒತ್ತುತ್ತೆ ಅಂದ್ರೆ ಇಲ್ಲೇ ಒಡೆದುಬಿಡ್ತೀನಿ."

ಮಲಗಿದೆ. ಅವಳ ಅಂಗೈ ಹೊಟ್ಟೆಯ ಮೇಲೆ ಜಾರಿದಾಗ ಬಳೆಯ ಬೆಸುಗೆ ಪಕ್ಕೆಲುಬಿನ ಕೆಳಗೆ ಚರ್ಮವನ್ನು ಚಿವುಟಿ ಹಿಡಿಯಿತು. ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ನಾನು ಮುಖ ಅಲುಗಿಸಲಿಲ್ಲ.

"ಏನೂ ಗೊತ್ತೇ ಆಗ್ಲಿಲ್ಲ ಕಣೇ," ಎಂದೆ.

ಅವಳು ಫೇಲಾಗಲಿ ಎಂದು ಆಗ ಸ್ಪಷ್ಟವಾಗಿ ಅಂದುಕೊಂಡೆನೋ ಇಲ್ಲವೋ, ಗೊತ್ತಿಲ್ಲ. ಒಂದು ಸಲ ಅವಳಿಗೂ ಏನಾದರೂ ತಪ್ಪಲಿ ಎಂದುಕೊಂಡದ್ದು ಮಾತ್ರ ನಿಜ. ಆಮೇಲೆ ಬಳೆಗಾರ ನನಗೂ ಬಳೆ ತೊಡಿಸಿದ. ಯಾವ ಬಣ್ಣವೆಂದು ಅಮ್ಮ ತಿರುಗಿಯೂ ನೋಡಲಿಲ್ಲ.

ಪರೀಕ್ಷೆ ಮುಗಿಸಿ ಬಂದಾಗ ಅವಳ ಮಣಿಕಟ್ಟಿಗೆ ಬಟ್ಟೆ ಕಟ್ಟಿತ್ತು. ಹೊಟ್ಟೆ ಊದಿದ್ದ ಒಬ್ಬ ಮುದುಕಿಯನ್ನು ನೋಡಲು ಕೊಟ್ಟಿದ್ದರಂತೆ. ಇವಳು ಕೈ ಇಟ್ಟ ಕೂಡಲೇ ಮುದುಕಿ ಚೀರಿದಳಂತೆ. ಬಳೆ ತೆಗೆದು ಬಾ ಎಂದು ಪರೀಕ್ಷಕರು ಕಳಿಸಿದರು. ಸೋಪು ಹಚ್ಚಿದರೂ ಬರಲಿಲ್ಲ, ಒಡೆಯಲು ಹೋಗಿ ಕೈ ಕೊಯ್ದುಕೊಂಡಳು. ರಕ್ತ ನಿಲ್ಲಿಸಿಕೊಂಡು ಬಂದ ಮೇಲೆ ಮುಂದಿನ ಯಾವುದೂ ಸರಿಯಾಗದೆ ಮತ್ತೆ ಫೇಲಾದಳು. ಅಪ್ಪ ಎಲ್ಲ ಕೇಳಿಸಿಕೊಂಡು ಹೊರಗೆ ಹೋದರು. ಅಮ್ಮ ಒಡೆದ ಬಳೆಗಳಿಗಾಗಿ ಅತ್ತಳು.

ಮರುದಿನ ಮಧ್ಯಾಹ್ನ ತಂಗಿ ಮತ್ತೆ ಚಾಪೆ ಹಾಸಿದಳು.

"ಒಂದೇ ಒಂದು ಸಲ ಮಲಗಕ್ಕ. ಬಳೆಯಿಂದ ಹೀಗಾಯ್ತು ಅಂದ್ರೆ ಅಪ್ಪನ ಕಾಲು ಹಿಡಿದಾದ್ರೂ ಇನ್ನೊಂದು ಸಲ ಕೂರ್ತೀನಿ. ನನ್ನ ಕೈಯೇ ಸರಿ ಇಲ್ಲ ಅಂದ್ರೆ ಬಿಟ್ಟುಬಿಡ್ತೀನಿ. ಬಳೆ ಇದ್ದಾಗ ನಿನಗೆ ಒತ್ತಲಿಲ್ಲವಲ್ಲ, ಅದೇ ನನಗೆ ಅರ್ಥ ಆಗ್ತಿಲ್ಲ."

ಬಳೆಯಿಲ್ಲದ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟಳು. ಬೆಚ್ಚಗಿತ್ತು, ಹಗುರವಾಗಿತ್ತು. ಎಲ್ಲೂ ಏನೂ ಒತ್ತಲಿಲ್ಲ.

"ವ್ಯತ್ಯಾಸ ಇದೆಯಾ, ಅಕ್ಕ?"

ಇದೆ ಎಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಈ ಸಲ ಹೊಟ್ಟೆಕಿಚ್ಚೂ ಇರಲಿಲ್ಲ, ಬರೀ ಹೆದರಿಕೆ.

"ಅವತ್ತಿನ ಹಾಗೇ ಇದೆ," ಎಂದೆ.

ಅವಳು ಕೈ ತೆಗೆದುಕೊಂಡಳು. ನಾನು ಎದ್ದು ಕೂರುವವರೆಗೆ ಕಾದು, ಚಾಪೆ ಸುತ್ತಿ ಮೂಲೆಯಲ್ಲಿಟ್ಟು, ಅಪ್ಪ ಕೂತಿದ್ದ ಜಗಲಿಗೆ ಹೋದಳು. ನೀವು ಹೇಳಿದಂತೆಯೇ ಆಗಲಿ ಎಂದು ಅವಳು ಹೇಳಿದ್ದು ನನಗೆ ಒಳಗೆ ಕೇಳಿಸಿತು.